ಜಗಲಿಯ ಕಂಬ

ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ, ಬಹುಪಾಲು ತೇಗದ್ದು. ಮಾಸಿದ ಚಿತ್ರಗಳನ್ನು ಸರಿಪಡಿಸಲು 1855ರಲ್ಲಿ ಡಾಲ್‌ಹೌಸಿ ಆಜ್ಞೆ ಮಾಡಿದನೆಂದು ಮಕ್ಕಳಿಗೆ ಪಾಠ ಹೇಳುತ್ತೇವೆ. ಆಜ್ಞೆ ಕೊಟ್ಟವನ ಹೆಸರು ಉಳಿಯಿತು. ಅಲ್ಲಿಯ ಕಂಬಗಳನ್ನು ವರ್ಷವರ್ಷವೂ ಒರೆಸಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಅರಮನೆಯ ಮಾತು ಹಾಗಿರಲಿ, ನಮ್ಮ ಮನೆಗಳನ್ನೇ ನೋಡಿ. ನನ್ನ ತವರು ತೀರ್ಥಹಳ್ಳಿ ಸೀಮೆ. ಅದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಂಥ ಕಡೆ ಹೊರಜಗಲಿಯ ಮರ ಉಳಿಯುವುದೇನು ಸಾಮಾನ್ಯವೇ? ಮಳೆಗಾಲಕ್ಕೆ ಮುಂಚೆ ಗಂಡಸರು ಜಗಲಿಗೆ ಅಡಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ದೀಪಾವಳಿಗೆ ಮೊದಲು ತಟ್ಟಿ ಬಿಚ್ಚಿದರೆ ಕಂಬ, ಬಾಗಿಲುಗಳ ತುಂಬ ಬೂಷ್ಟು. ಅಲ್ಲಿಂದ ಮುಂದೆ ಹೆಂಗಸರ ಪಾಲು.

ಅಜ್ಜಿ ಅಂಟುವಾಳಕಾಯಿಯನ್ನು ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ಕಿವುಚಿ, ಆ ನೊರೆನೀರಿನಲ್ಲಿ ಹಳೇ ಸೀರೆಯ ತುಂಡು ಅದ್ದಿ ಹಿಂಡಿ ಒರೆಸುತ್ತಿದ್ದರು. ಕೆತ್ತನೆಯ ಸಂದಿಗೆ ತೆಂಗಿನ ನಾರು. ನೀರು ಸುರಿಯುವಂತಿಲ್ಲ, ಮರದ ಗೆರೆಯುದ್ದಕ್ಕೇ ಉಜ್ಜಬೇಕು. ಚೆನ್ನಾಗಿ ಒಣಗಿದ ಮೇಲೆ ಎಣ್ಣೆ. ಕಂಬದ ಬುಡಕ್ಕೆ ಮಾತ್ರ ಗೇರುಬೀಜದ ಸಿಪ್ಪೆಯ ಎಣ್ಣೆ. ಗೇರು ಪೋರ್ಚುಗೀಸರು 16ನೇ ಶತಮಾನದಲ್ಲಿ ತಂದ ಗಿಡ. ಕರಾವಳಿಯವರು ದೋಣಿಗೆ ಬಳಿಯುವ ಎಣ್ಣೆ ಅದು. ಹುಳು ದೂರವಿರುತ್ತದೆ, ನಿಜ. ಆದರೆ ತಾಗಿದರೆ ಕೈ ಸುಟ್ಟು ಬೊಬ್ಬೆ. ಅಜ್ಜಿಯ ಬೆರಳಿನ ಕಲೆಗಳು ಹೋಗಲೇ ಇಲ್ಲ.

ಒರೆಸುತ್ತ ಅವರು ಬೆರಳ ಗೆಣ್ಣಿನಿಂದ ಕಂಬವನ್ನು ತಟ್ಟಿ ಕೇಳುತ್ತಿದ್ದರು. ದನಿ ಬದಲಾದರೆ ಬಡಗಿಗೆ ಹೇಳಿಕಳಿಸುತ್ತಿದ್ದರು.

ಆಮೇಲೆ ಡಬ್ಬಿಯ ಬಣ್ಣ ಬಂತು. ಹೆಂಗಸರಿಗೆ ಒಂದು ಕೆಲಸ ತಪ್ಪಿತು, ಸಂತೋಷವೇ. ಆದರೆ ಎನಾಮಲ್ ಮರದ ಮೇಲೊಂದು ಪೊರೆ ಹೊದಿಸುತ್ತದೆ. ಮರ ಮಳೆಗೆ ಹಿಗ್ಗಿ, ಬಿಸಿಲಿಗೆ ಕುಗ್ಗುವಾಗ ಪೊರೆ ಬಿರಿಯುತ್ತದೆ. ಬಿರುಕಿನಲ್ಲಿ ಹೊಕ್ಕ ನೀರು ಬೇಗ ಆರದೆ ಒಳಗೊಳಗೇ ಕೊಳೆಸುತ್ತದೆ. ತವರಿನ ಕಂಬವೊಂದು ಹೊರಗೆ ಹಸಿರಾಗಿ ಮಿನುಗುತ್ತಲೇ ಒಳಗೆ ಟೊಳ್ಳಾಗಿತ್ತು. ಅದನ್ನು ಕಿತ್ತು ಸಿಮೆಂಟಿನ ಕಂಬ ನಿಲ್ಲಿಸಿದರು.

ಬಣ್ಣದ ಮೇಲೆ ನನಗೆ ಸಿಟ್ಟಿಲ್ಲ. ಕೆಟ್ಟದ್ದು ಬಣ್ಣ ಬಳಿದದ್ದರಿಂದಷ್ಟೇ ಅಲ್ಲ, ತಟ್ಟಿ ನೋಡುವ ಕೈ ನಿಂತದ್ದರಿಂದ. ನಾವು ಬರೀ ಸ್ವಚ್ಛತೆ ಎಂದುಕೊಂಡದ್ದು ಮನೆಯ ನಾಡಿ ನೋಡುವ ಕೆಲಸವಾಗಿತ್ತು.

ನಿಮ್ಮ ಮನೆಯಲ್ಲಿ ಹಳೆಯ ಬಾಗಿಲೋ ಕಂಬವೋ ಉಳಿದಿದ್ದರೆ ವರ್ಷಕ್ಕೊಮ್ಮೆ ಒರೆಸಿ, ತಟ್ಟಿ ನೋಡಿ. ಈ ವಿದ್ಯೆಯನ್ನು ಗಂಡುಮಕ್ಕಳಿಗೂ ಕಲಿಸಿ. ಬೊಬ್ಬೆಯಲ್ಲಿ ಅವರಿಗೂ ಒಂದು ಪಾಲಿರಲಿ.