ಕಾಲು ಹೋದ ಮೇಲೆ ಕಾರು ಕಲಿಸುವವರು ಯಾರು?

ಕುರ್ಲಾ ಪಶ್ಚಿಮದ ಸಿ.ಎಸ್.ಟಿ. ರಸ್ತೆಯನ್ನು ಬಲ್ಲವರಿಗೆ ಅದರ ಮಹಿಮೆ ಹೇಳಬೇಕಾಗಿಲ್ಲ. ಹಳೆಯ ಬಂಪರು, ಸೈಲೆನ್ಸರು, ಗೇರ್ ಬಾಕ್ಸು, ಬಾಗಿಲು, ಸೀಟು... ಮನಸ್ಸು ಮಾಡಿದರೆ ಒಂದು ಇಡೀ ಕಾರನ್ನೇ ಬಿಡಿಬಿಡಿಯಾಗಿ ಕೊಂಡು ಮನೆಗೆ ಒಯ್ಯಬಹುದು! ಈ ಕಡೆಯ ಸಣ್ಣ ಗ್ಯಾರೇಜುಗಳಲ್ಲಿ ನಾನು ಆಗಾಗ ನಿಂತು ನೋಡಿರುವ ಕೆಲಸ ಒಂದಿದೆ. ಕಾಲಿಗೆ ಬಲವಿಲ್ಲದವರ ಕಾರಿಗೆ ಕೈಯಲ್ಲೇ ಒತ್ತುವ ಬ್ರೇಕು, ಕೈಯಲ್ಲೇ ಹಿಡಿಯುವ ಕ್ಲಚ್ಚು ಕೂಡಿಸುವುದು. ಸ್ಕೂಟರಾದರೆ ಹಿಂದಿನ ಚಕ್ರದ ಆಚೀಚೆ ಎರಡು ಚಕ್ರ ಸೇರಿಸುವುದು. ಒಂದು ಸಲ ಮೇಸ್ತ್ರಿಯನ್ನು ಕೇಳಿದೆ, "ಭಾಯ್, ಯಾರಿಗೆ ಏನು ಬೇಕು ಅಂತ ನಿಮಗೆ ಹೇಗೆ ತಿಳಿಯುತ್ತದೆ?" ಅವನು ಕೈ ಒರೆಸಿಕೊಳ್ಳುತ್ತಾ, "ಬಿಠಾಕೇ ದೇಖ್ ಲೇತಾ ಹೂಂ, ಸೇಠ್" ಅಂದ. ಕೂರಿಸಿ ನೋಡುತ್ತಾನಂತೆ!

ಇದಕ್ಕೇ ಓದಿ ತಯಾರಾದವರು ಬೇರೆ ದೇಶಗಳಲ್ಲಿದ್ದಾರೆ. ಅಪಘಾತವೋ ಪಾರ್ಶ್ವವಾಯುವೋ ಆದವರು ಮತ್ತೆ ವಾಹನ ನಡೆಸಬಹುದೇ, ನಡೆಸುವುದಾದರೆ ಯಾವ ಬದಲಾವಣೆ ಬೇಕು ಎಂದು ಪರೀಕ್ಷಿಸಿ, ಪಕ್ಕದಲ್ಲಿ ಕುಳಿತು ಕಲಿಸುವವರು. ಅಲ್ಲಿ ಅವರನ್ನು ಡ್ರೈವರ್ ರಿಹ್ಯಾಬಿಲಿಟೇಶನ್ ಸ್ಪೆಷಲಿಸ್ಟ್ ಎನ್ನುತ್ತಾರೆ. ಈ ಕಸುಬಿಗೆ ಬೇಕಾದ ಸಾಮಗ್ರಿಯೆಲ್ಲ ನಮ್ಮ ಮುಂಬಯಿಯಲ್ಲಿ, ಅದೂ ಸೆಂಟ್ರಲ್ ಲೈನಿನ ಕೆಲವೇ ಸ್ಟೇಶನ್ನುಗಳ ನಡುವೆ, ಬಹಳ ಹಿಂದೆಯೇ ಇತ್ತು. ಅದನ್ನು ಒಂದು ಕಡೆ ಸೇರಿಸುವ ಮನುಷ್ಯನನ್ನು ಮಾತ್ರ ನಾವು ತಯಾರು ಮಾಡಲಿಲ್ಲ.

ಮೊದಲು ಬೈಕಲಾಕ್ಕೆ ಹೋಗೋಣ. ಮೊದಲನೆಯ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಭಾರತೀಯ ಸಿಪಾಯಿಗಳು ಹಡಗಿನಲ್ಲಿ ಮುಂಬಯಿಗೆ ಬಂದಿಳಿಯುತ್ತಿದ್ದರು. ಅವರಿಗೆ ಹೊಸ ಕಸುಬು ಕಲಿಸಲೆಂದು ಗವರ್ನರರ ಪತ್ನಿ ಲೇಡಿ ವಿಲ್ಲಿಂಗ್‌ಡನ್ 1917ರಲ್ಲಿ ಕ್ವೀನ್ ಮೇರೀಸ್ ಟೆಕ್ನಿಕಲ್ ಸ್ಕೂಲ್ ತೆರೆದರು. ಅಲ್ಲಿ ಹೊಲಿಗೆ, ಹೆಣಿಗೆ ಮುಂತಾದವುಗಳ ಜೊತೆ ಮೋಟಾರಿನ ಕೆಲಸವೂ ಇತ್ತು. ಊರಲ್ಲಿ ಎತ್ತಿನ ಗಾಡಿ ಬಿಟ್ಟರೆ ಬೇರೆ ಕಾಣದ ರೈತರ ಮಕ್ಕಳು, ಅದೂ ಅಂಗ ಊನವಾದವರು, ಮೋಟಾರು ಬಿಚ್ಚಿ ಜೋಡಿಸಲು ಕಲಿಯುವುದೆಂದರೆ ಆ ಕಾಲಕ್ಕೆ ಸಣ್ಣ ಮಾತೇ? ಸಂಸ್ಥೆ ಮುಂದೆ ಪುಣೆ ಬಳಿಯ ಖಡ್ಕಿಗೆ ಹೋಯಿತು. ಮುಂಬಯಿ ಅದನ್ನು ಮರೆತೇಬಿಟ್ಟಿತು.

ಎರಡನೆಯದು ಕುರ್ಲಾದ ಕಾರ್ಖಾನೆ. ಇದರಲ್ಲಿ ನಮ್ಮ ಕನ್ನಡ ನಾಡಿನ ಪಾಲೂ ಇದೆ! ಭಾರತದಲ್ಲೇ ಮೋಟಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಸಿದ್ಧಪಡಿಸಿದವರು ಸರ್ ಎಂ. ವಿಶ್ವೇಶ್ವರಯ್ಯ. ಜೊತೆಗೆ ನಿಂತವರು ವಾಲಚಂದ್ ಹೀರಾಚಂದ್. ಕಾರ್ಖಾನೆ ಮೈಸೂರು ಸಂಸ್ಥಾನದಲ್ಲಿ ಆಗಲಿ ಎಂಬ ಮಾತೂ ಇತ್ತು, ಬ್ರಿಟಿಷ್ ಸರಕಾರ ಅಡ್ಡಗಾಲು ಹಾಕಿತು. ಕೊನೆಗೆ ವಾಲಚಂದರ ಪ್ರೀಮಿಯರ್ ಆಟೋಮೊಬೈಲ್ಸ್ 1940ರ ದಶಕದಲ್ಲಿ ಕುರ್ಲಾದಲ್ಲಿ ನೆಲೆಯೂರಿತು. ಮೊದಲು ಅಮೆರಿಕದ ಗಾಡಿಗಳ ಜೋಡಣೆ, 1950ರ ದಶಕದಿಂದ ಫಿಯೆಟ್, ಆಮೇಲೆ ನಮ್ಮೆಲ್ಲರ ಪದ್ಮಿನಿ. ಆ ಕಾರ್ಖಾನೆಯ ಜಾಗದಲ್ಲಿ ಈಗ ಕೊಹಿನೂರ್ ಸಿಟಿ ಎದ್ದಿದೆ. ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಮರೆಯಾಯಿತು.

ಪದ್ಮಿನಿಯ ಗೇರು ನೆಲದಲ್ಲಿರದೆ ಸ್ಟೀರಿಂಗಿನ ಪಕ್ಕಕ್ಕೇ ಇತ್ತು ಎಂಬುದು ಹಳಬರಿಗೆ ನೆನಪಿರಬಹುದು. ಆದರೂ ಕ್ಲಚ್ಚಿಗೆ ಎಡಗಾಲು, ಬ್ರೇಕು ಮತ್ತು ಆಕ್ಸಿಲರೇಟರಿಗೆ ಬಲಗಾಲು ಬೇಕೇ ಬೇಕು. ಮೂರು ಪೆಡಲಿನ ಗಾಡಿಯಲ್ಲಿ ಒಂದು ಕಾಲು ಹೋದರೂ ಲೆಕ್ಕ ತಪ್ಪುತ್ತದೆ. ಬಲಗಾಲಿಗೆ ಕೃತಕ ಕಾಲು ಹಾಕಿಸಿಕೊಂಡರೆ ನಡೆಯಬಹುದು, ಮೆಟ್ಟಿಲು ಹತ್ತಬಹುದು. ಆದರೆ ಪೆಡಲನ್ನು ಎಷ್ಟು ಒತ್ತಿದೆ ಎಂಬುದು ಆ ಪಾದಕ್ಕೆ ತಿಳಿಯುವುದಿಲ್ಲ. ಅದಕ್ಕೇ ಬ್ರೇಕಿನ ಎಡಕ್ಕೆ ಇನ್ನೊಂದು ಆಕ್ಸಿಲರೇಟರ್ ಕೂಡಿಸಿ, ಬಲಗಡೆಯದಕ್ಕೆ ಮುಚ್ಚಳ ಹಾಕುವ ಪದ್ಧತಿ ಬಂತು. ಆಗ ಎಡಗಾಲಿಗೆ ಬಿಡುವಿರಬೇಕು, ಅಂದರೆ ಕ್ಲಚ್ಚೇ ಇರಬಾರದು. 2014ರಲ್ಲಿ ಮಾರುತಿ ಸೆಲೆರಿಯೋ ಎ.ಎಂ.ಟಿ. ಗೇರಿನೊಂದಿಗೆ ಬಂದ ಮೇಲೆ ಕ್ಲಚ್ಚಿಲ್ಲದ ಕಾರು ಮಧ್ಯಮ ವರ್ಗದ ಕೈಗೆ ಎಟುಕಿತು. ಅಂಗವಿಕಲರಿಗೆಂದು ಮಾಡಿದ್ದಲ್ಲ, ಟ್ರಾಫಿಕ್ಕಿನಲ್ಲಿ ಬೇಸತ್ತವರಿಗೆಂದು ಮಾಡಿದ್ದು. ಉಪಕಾರ ಮಾತ್ರ ಇವರಿಗೂ ಆಯಿತು.

ಈಗ ಕುರ್ಲಾದಿಂದ ಸ್ಲೋ ಲೋಕಲ್ ಹತ್ತಿ ಸಯನ್, ಮಾಟುಂಗಾ, ದಾದರ್ ದಾಟಿ ಪರೇಲಿನಲ್ಲಿ ಇಳಿಯಿರಿ. ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ 1950ರಲ್ಲಿ ಆಕ್ಯುಪೇಷನಲ್ ಥೆರಪಿ ಕಲಿಸುವ ಶಾಲೆ ಶುರುವಾಯಿತು. ಏಷ್ಯಾದಲ್ಲೇ ಮೊದಲನೆಯದು ಎನ್ನುತ್ತಾರೆ. ಸ್ಥಾಪಿಸಿದವರು ಕಮಲಾ ನಿಂಬಕರ್. ಹೆಸರು ಮರಾಠಿಯಾದರೂ ಹುಟ್ಟಿನಿಂದ ಅಮೆರಿಕದವರು, ಎಲಿಜಬೆತ್ ಲಂಡಿ. ವಿಷ್ಣು ನಿಂಬಕರ್ ಅವರನ್ನು ಮದುವೆಯಾಗಿ ಇಲ್ಲಿಯವರೇ ಆದರು. ಮಧ್ಯವಯಸ್ಸಿನಲ್ಲಿ ಫಿಲಡೆಲ್ಫಿಯಾಕ್ಕೆ ಹೋಗಿ ಈ ವಿದ್ಯೆ ಕಲಿತು ಬಂದರು. 1952ರಲ್ಲಿ ಆಕ್ಯುಪೇಷನಲ್ ಥೆರಪಿಸ್ಟರ ವಿಶ್ವ ಒಕ್ಕೂಟ ಹುಟ್ಟಿದಾಗ ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು. ದೇಶಕ್ಕೆ ಸ್ವಾತಂತ್ರ್ಯ ಬಂದು ಐದೇ ವರ್ಷ ಆಗಿತ್ತು ನೋಡಿ! 1955ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆಯೂ ಮುಂಬಯಿಗೆ ಬಂತು. ಹಾಜಿ ಅಲಿಯ ಬಳಿ ಬಸ್ಸಿಳಿದವರು ಅದರ ಬೋರ್ಡು ನೋಡಿರುತ್ತೀರಿ.

ಆಕ್ಯುಪೇಷನಲ್ ಥೆರಪಿ ಎಂದರೆ ವ್ಯಾಯಾಮ ಮಾಡಿಸುವುದಷ್ಟೇ ಅಲ್ಲ. ರೋಗಿ ದಿನನಿತ್ಯ ಮಾಡುತ್ತಿದ್ದ ಕೆಲಸಗಳಿಗೆ, ಅಂದರೆ ಗುಂಡಿ ಹಾಕುವುದು, ಅನ್ನ ಕಲಸುವುದು, ಕುರ್ಚಿಯಿಂದ ಏಳುವುದು ಇಂಥವಕ್ಕೆ ಅವನನ್ನು ಹಿಂದಿರುಗಿಸುವ ವಿದ್ಯೆ. ಅಮೆರಿಕದಲ್ಲಿ ಈ ಪಟ್ಟಿಗೆ ಡ್ರೈವಿಂಗೂ ಸೇರಿತು. ಎರಡನೆಯ ಮಹಾಯುದ್ಧದಲ್ಲಿ ಕಾಲು ಕಳೆದುಕೊಂಡ ಸೈನಿಕರಿಗೆ ಕಾರು ಕೊಳ್ಳಲು 1600 ಡಾಲರ್ ಕೊಡುವ ಕಾನೂನು ಅಲ್ಲಿ 1946ರಲ್ಲೇ ಆಯಿತು. ಕಾರು ಸಿಕ್ಕಿದರೆ ಸಾಕೇ, ಕಲಿಸುವವರು ಬೇಡವೇ? 1977ರಲ್ಲಿ ಹೀಗೆ ಕಲಿಸುವವರೆಲ್ಲ ಸೇರಿ ತಮ್ಮದೊಂದು ಸಂಘ ಕಟ್ಟಿದರು. ಮುಂದೆ ಪರೀಕ್ಷೆ, ಪ್ರಮಾಣಪತ್ರ ಎಲ್ಲ ಬಂತು. ಬಹಳಷ್ಟು ಮಂದಿ ಮೂಲತಃ ಆಕ್ಯುಪೇಷನಲ್ ಥೆರಪಿಸ್ಟರು. ಡ್ರೈವಿಂಗ್ ಶಾಲೆಯ ಶಿಕ್ಷಕರಿಗೂ ಬಾಗಿಲು ತೆರೆದಿದೆ, ಒಬ್ಬರ ವಿದ್ಯೆ ಇನ್ನೊಬ್ಬರು ಕಲಿಯಬೇಕು ಅಷ್ಟೇ.

ನಮ್ಮಲ್ಲಿ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಡ್ರೈವಿಂಗ್ ಶಾಲೆಯ ಶಿಕ್ಷಕನಿಗೆ ಹತ್ತನೆಯ ತರಗತಿ, ಐದು ವರ್ಷದ ಡ್ರೈವಿಂಗ್ ಅನುಭವ, ಮೋಟಾರು ಮೆಕ್ಯಾನಿಕ್ ಸರ್ಟಿಫಿಕೇಟು ಬೇಕು. ಗಾಡಿಯ ವಿಷಯ ಗೊತ್ತಿರಬೇಕು, ಮನುಷ್ಯನ ದೇಹದ ವಿಷಯ ಕೇಳುವವರಿಲ್ಲ. ಇತ್ತ 1992ರ ಕಾಯಿದೆಯಿಂದ ಬಂದ ಭಾರತೀಯ ಪುನರ್ವಸತಿ ಪರಿಷತ್ತು 16 ಬಗೆಯ ವೃತ್ತಿಗಳನ್ನು ಪಟ್ಟಿ ಮಾಡಿದೆ. ಅಂಧರಿಗೆ ಬಿಳಿ ಕೋಲು ಹಿಡಿದು ನಡೆಯಲು ಕಲಿಸುವವರಿಗೂ ಅದರಲ್ಲಿ ಜಾಗವಿದೆ, ಇರಬೇಕಾದದ್ದೇ. ಕಾಲಿಲ್ಲದವರಿಗೆ ವಾಹನ ಕಲಿಸುವವರಿಲ್ಲ. 2021ರ ಆರೋಗ್ಯ ವೃತ್ತಿಪರರ ಕಾಯಿದೆ ಆಕ್ಯುಪೇಷನಲ್ ಥೆರಪಿಗೆ ಮಾನ್ಯತೆ ಕೊಟ್ಟಿತು, ಈ ಒಳಕವಲಿಗೆ ಕೊಡಲಿಲ್ಲ.

ಕಾನೂನಿನ ಭಾಷೆ ಇನ್ನೂ ಮಜವಾಗಿದೆ. 1988ರ ಮೋಟಾರು ವಾಹನ ಕಾಯಿದೆಯಲ್ಲಿ ಅಂಗವಿಕಲರ ಗಾಡಿಗೆ 'ಇನ್‌ವ್ಯಾಲಿಡ್ ಕ್ಯಾರೇಜ್' ಎಂಬ ಹೆಸರು. ಅದು ಅವರಿಗೆಂದೇ ತಯಾರಾಗಿರಬೇಕು, ಬರೇ ಮಾರ್ಪಡಿಸಿದ್ದಾಗಿರಬಾರದು ಎಂದು ವ್ಯಾಖ್ಯಾನ! ಅಂದರೆ ನಮ್ಮ ಸಿ.ಎಸ್.ಟಿ. ರಸ್ತೆಯ ಮೇಸ್ತ್ರಿ ಮಾಡುತ್ತಿದ್ದ ಕೆಲಸ ಆ ವ್ಯಾಖ್ಯಾನದ ಹೊರಗೇ ಉಳಿಯಿತು. 2019ರ ತಿದ್ದುಪಡಿಯಲ್ಲಿ 'ಅಡಾಪ್ಟೆಡ್ ವೆಹಿಕಲ್' ಎಂಬ ಹೊಸ ಹೆಸರು ಬಂದು, ಮಾರ್ಪಡಿಸಿದ ಗಾಡಿಗೂ ಅದರಲ್ಲಿ ಜಾಗ ಸಿಕ್ಕಿತು. ಗಾಡಿಗೆ ಮಾನ ಬರಲು ಮೂವತ್ತೊಂದು ವರ್ಷ ಬೇಕಾಯಿತು.

ಕೈಕಾಲಿನ ಊನವಾದರೆ ಕಣ್ಣಿಗೆ ಕಾಣುತ್ತದೆ, ಮೇಸ್ತ್ರಿಗೂ ಕಾಣುತ್ತದೆ. ಕಾಣದ ಊನದ ಗತಿಯೇನು? ನಮ್ಮ ಹಿಂದಿನ ಚಾಳಿನಲ್ಲಿ ಜೌನ್‌ಪುರ ಕಡೆಯ ಒಬ್ಬ ಟ್ಯಾಕ್ಸಿ ಡ್ರೈವರು ಇದ್ದರು. ಎಲ್ಲರಿಗೂ ಚಾಚಾ. ಪಾರ್ಶ್ವವಾಯು ಹೊಡೆದು ಎಡಗೈ ಎಡಗಾಲು ಬಿದ್ದುಹೋಗಿತ್ತು, ಆರೇಳು ತಿಂಗಳಲ್ಲಿ ಚೇತರಿಸಿಕೊಂಡರು. ಡಾಕ್ಟರು ಫಿಟ್ ಎಂದು ಬರೆದುಕೊಟ್ಟರು. ಮತ್ತೆ ಟ್ಯಾಕ್ಸಿ ತೆಗೆದರು. ಆಮೇಲೆ ನೋಡಿದರೆ ಗಾಡಿಯ ಎಡಗಡೆ ದಿನಕ್ಕೊಂದು ಗೀರು. "ಕೋಯಿ ಆಕೇ ಠೋಕ್ ದೇತಾ ಹೈ" ಎಂದು ಚಾಚಾ ರಿಕ್ಷಾದವರನ್ನು ಬೈಯುತ್ತಿದ್ದರು. ಮಗ ನನ್ನ ಹತ್ತಿರ ಬಂದು, "ಅಂಕಲ್, ಅಬ್ಬಾ ಗಾಡಿ ಓಡಿಸಬೇಕೋ ಬಿಡಬೇಕೋ?" ಎಂದು ಕೇಳಿದ. ನಾನೇನು ಹೇಳಲಿ?

ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಗಡೆಯ ಲೋಕದ ಕಡೆ ಗಮನವೇ ಹೋಗುವುದಿಲ್ಲವಂತೆ. ಕಣ್ಣು ಸರಿಯಿರುತ್ತದೆ. ಆದರೆ ಕಾಗದದ ತುಂಬ ಗೆರೆ ಎಳೆದು 'ಎಲ್ಲವನ್ನೂ ಹೊಡೆದುಹಾಕಿ' ಎಂದರೆ ಬಲಗಡೆಯದನ್ನು ಮಾತ್ರ ಹೊಡೆದು, ಮುಗಿಯಿತು ಎನ್ನುತ್ತಾರೆ. ತನಗೆ ಕಾಣುತ್ತಿಲ್ಲ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ಎಡಕ್ಕೆ ಫುಟ್‌ಪಾತು, ಬಸ್ ಸ್ಟಾಪು, ಸಂದಿಯಲ್ಲಿ ನುಗ್ಗುವ ಬೈಕು ಇರುವ ಊರು ನಮ್ಮದು. ಚಾಚಾನದು ಅದೇ ಇರಬಹುದು, ಬರೇ ಧೈರ್ಯ ಕುಂದಿದ್ದೂ ಇರಬಹುದು. ಕಾಗದ ಪೆನ್ಸಿಲು ಕೊಟ್ಟು ನೋಡಿ, ಆಮೇಲೆ ಎರಡು ಕಡೆ ಬ್ರೇಕಿರುವ ಗಾಡಿಯಲ್ಲಿ ಪಕ್ಕದಲ್ಲಿ ಕುಳಿತು ನೋಡುವ ಒಬ್ಬರಿದ್ದಿದ್ದರೆ ಒಂದು ವಾರದಲ್ಲಿ ತೀರ್ಮಾನ ಆಗುತ್ತಿತ್ತು. ಮನೆಯವರು ಹೆದರಿ ಟ್ಯಾಕ್ಸಿ ಮಾರಿಸಿದರು. ಚಾಚಾ ಊರಿಗೆ ಹೋದರು.

ಸರಕಾರಿ ನೌಕರಿಯಾದರೆ ಒಂದು ಆಸರೆ ಇದೆ. 1995ರ ಅಂಗವಿಕಲರ ಕಾಯಿದೆಯ 47ನೆಯ ಕಲಮು, ಅದರ ನಂತರ 2016ರ ಕಾಯಿದೆ, ಸೇವೆಯಲ್ಲಿರುವಾಗ ಊನವಾದವರನ್ನು ತೆಗೆಯುವಂತಿಲ್ಲ, ಅದೇ ಸಂಬಳದಲ್ಲಿ ಬೇರೆ ಕೆಲಸ ಕೊಡಬೇಕು ಎನ್ನುತ್ತವೆ. ಬಸ್ ಡ್ರೈವರನಿಗೆ ಅನ್ನ ಉಳಿಯುತ್ತದೆ, ಸ್ಟೀರಿಂಗು ಉಳಿಯುವುದಿಲ್ಲ. ಅವನು ಮತ್ತೆ ಓಡಿಸಬಲ್ಲನೇ ಎಂಬ ಪ್ರಶ್ನೆಯನ್ನು ಕಾನೂನು ಕೇಳಲೇ ಇಲ್ಲ. ಸ್ವಂತ ಟ್ಯಾಕ್ಸಿಯವನಿಗಂತೂ ಅದೂ ಇಲ್ಲ.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. ಮೊದಲೇ ಗ್ಯಾರೇಜಿಗೆ ಓಡಬೇಡಿ. ಕುರ್ಲಾದವರಿಗೆ ಸಯನ್ ಆಸ್ಪತ್ರೆ ಹತ್ತಿರ, ಅಲ್ಲಿ ಆಕ್ಯುಪೇಷನಲ್ ಥೆರಪಿ ಕಾಲೇಜೇ ಇದೆ. ಹೋಗಿ, ನನಗೆ ಗಾಡಿ ಓಡಿಸಬೇಕು ಎಂದು ಬಾಯಿ ಬಿಟ್ಟು ಹೇಳಿ. ನಾವು ಹೇಳದಿದ್ದರೆ ಯಾವ ಥೆರಪಿಸ್ಟರಿಗೆ ತಾನೇ ಗೊತ್ತಾಗಬೇಕು? ಕೈಯ ಬಲ, ಕುತ್ತಿಗೆ ತಿರುಗುವುದು, ಕಣ್ಣಿನ ಹರವು ಎಲ್ಲ ನೋಡಿ ಬರೆದುಕೊಡಲು ಕೇಳಿ. ಆಮೇಲೆ ವಡಾಲಾದ ಆರ್.ಟಿ.ಓ., ಗಾಡಿ ಬದಲಾಯಿಸಲು ಅನುಮತಿ ಬೇಕು. ಮೇಸ್ತ್ರಿ ಕೊನೆಗೆ. ಚೀಟಿ ತಂದವರನ್ನು ಕಂಡರೆ ಅವನಿಗೂ ಖುಷಿಯೇ, ಲಿವರು ಎಷ್ಟು ಉದ್ದ ಇರಬೇಕೆಂದು ಮೂರು ಸಲ ಕತ್ತರಿಸಿ ಬೆಸುಗೆ ಹಾಕುವ ಕಷ್ಟ ತಪ್ಪುತ್ತದಂತೆ.