ಚೆಂಡಿನ ವಕ್ರಗತಿ

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಕಡಲಿಗೂ ಹೊಲಗಳಿಗೂ ನಡುವೆ, ಉಳುಮೆಗೆ ಬಾರದ ಮರಳುನೆಲವುಂಟು. ಅಲ್ಲಿ ಕುರುಚಲು ಹುಲ್ಲೇ ಮುಖ್ಯವಾದ ಬೆಳೆ. ಕಡಲಗಾಳಿಯು ಬೀಸದ ದಿನ ಅಪರೂಪ. ಗಾಲ್ಫ್ ಎಂಬ ಆಟವು ಬೆಳೆದದ್ದು ಈ ನೆಲದಲ್ಲಿ. 1457ನೆಯ ಇಸವಿಯಲ್ಲಿ, ಎರಡನೆಯ ಜೇಮ್ಸ್ ದೊರೆಯ ಕಾಲದಲ್ಲಿ, ಆ ದೇಶದ ಪಾರ್ಲಿಮೆಂಟು ಜನರು ಬಿಲ್ವಿದ್ಯೆಯ ಅಭ್ಯಾಸವನ್ನು ಬಿಟ್ಟು ಈ ಆಟದಲ್ಲಿ ಕಾಲ ಕಳೆಯಕೂಡದೆಂದು ಶಾಸನ ಮಾಡಿತು. ಶಾಸನವು ನಿಲ್ಲಲಿಲ್ಲ, ಆಟವು ನಿಂತಿತು. ಬಾಣವು ಗುರಿಗೆ ನೇರವಾಗಿ ಹೋಗತಕ್ಕದ್ದು. ಚೆಂಡೂ ಹಾಗೆಯೇ ಹೋಗಬೇಕೆಂದು ಆಡುವವರು ಬಹುಕಾಲ ಬಯಸಿದರು. ಅದು ಹೋಗಲಿಲ್ಲ. ಹಾಗೆ ಹೋಗದಿರುವುದನ್ನೇ ಮನುಷ್ಯನು ಒಂದು ವಿದ್ಯೆಯನ್ನಾಗಿ ಮಾಡಿಕೊಂಡ ಬಗೆ ಹೇಗೆಂಬುದೇ ಪ್ರಕೃತ ವಿಷಯ.

ಬಲಗೈಯವನು ಹೊಡೆದ ಚೆಂಡು ಗಾಳಿಯಲ್ಲಿ ಬಲಕ್ಕೆ ಬಾಗಿ ಹೋದರೆ ಅದಕ್ಕೆ ಸ್ಲೈಸ್ ಎಂದೂ, ಎಡಕ್ಕೆ ಬಾಗಿದರೆ ಹುಕ್ ಎಂದೂ ಹೆಸರು. ಇವು ದೋಷಗಳು. ಅದೇ ಬಾಗುವಿಕೆಯು ಹಿತಮಿತವಾಗಿ, ಹೊಡೆಯುವವನ ಇಚ್ಛೆಯಂತೆ ನಡೆದರೆ ಬಲಕ್ಕೆ ಬಾಗುವುದು ಫೇಡ್, ಎಡಕ್ಕೆ ಬಾಗುವುದು ಡ್ರಾ. ಇವು ಗುಣಗಳು. ಕಾರಣ ಒಂದೇ, ಹೆಸರು ಮಾತ್ರ ಬೇರೆ. ನಮ್ಮ ಆಲಂಕಾರಿಕರಲ್ಲಿ ಕುಂತಕನು ವಕ್ರತೆಯೇ ಕಾವ್ಯದ ಜೀವಿತವೆಂದು ಸಾಧಿಸಿದನು. ಹಾಗೆಂದು ಅಕ್ಷರ ಕಲಿಯುತ್ತಿರುವ ಹುಡುಗನ ಸೊಟ್ಟ ವಾಕ್ಯವನ್ನು ಯಾರೂ ಕಾವ್ಯವೆನ್ನಲಾರರು. ಅಂತರವಿರುವುದು ಇಚ್ಛೆಯಲ್ಲಿ. ಹಳ್ಳವೋ ಮರವೋ ಅಡ್ಡವಿದ್ದಾಗ ಅದನ್ನು ಸುತ್ತಿ ಚೆಂಡನ್ನು ಕಳುಹಿಸುವುದಕ್ಕೂ, ಅಡ್ಡಗಾಳಿಗೆ ಎದುರಾಗಿ ಅದನ್ನು ಒರಗಿಸಿ ನಿಲ್ಲಿಸುವುದಕ್ಕೂ ಈ ವಿದ್ಯೆಯು ಬೇಕಾಗುವುದು.

ತಿರುಗುವ ಚೆಂಡು ಬಾಗುವುದೆಂಬುದನ್ನು ಶಾಸ್ತ್ರಜ್ಞರಲ್ಲಿ ಬಹು ಮೊದಲೇ ಬರೆದಿಟ್ಟವನು ನ್ಯೂಟನ್. ಬೆಳಕಿನ ಕಿರಣಗಳನ್ನು ಕುರಿತು 1672ರಲ್ಲಿ ಬರೆದ ಪತ್ರದಲ್ಲಿ, ಓರೆಯಾಗಿ ಹೊಡೆದ ಟೆನ್ನಿಸ್ ಚೆಂಡು ಬಾಗಿ ಹೋದುದನ್ನು ತಾನು ಕಂಡುದಾಗಿ ದೃಷ್ಟಾಂತರೂಪವಾಗಿ ಹೇಳಿದನು. ಅದಾದ 70 ವರ್ಷಗಳ ಮೇಲೆ, 1742ರಲ್ಲಿ, ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲೆಂಡಿನ ಗಣಿತಜ್ಞನು ಫಿರಂಗಿಶಾಸ್ತ್ರದ ಗ್ರಂಥವೊಂದನ್ನು ಪ್ರಕಟಿಸಿದನು. ಬಂದೂಕಿನ ಗುಂಡು ದಾರಿ ತಪ್ಪುವುದಕ್ಕೆ ಅದರ ತಿರುಗಾಟವೇ ಕಾರಣವೆಂಬುದು ಆತನ ಪಕ್ಷ. ಇದನ್ನು ತೋರಿಸಲು ಆತನು ಬಂದೂಕಿನ ನಳಿಗೆಯ ತುದಿಯನ್ನು ಎಡಕ್ಕೆ ಬಾಗಿಸಿದನು. ಗುಂಡು ಮೊದಲು ಎಡಕ್ಕೆ ಹೊರಟು, ಆಮೇಲೆ ಬಲಕ್ಕೆ ಬಾಗಿತು. ಮಹಾಗಣಿತಜ್ಞನಾದ ಆಯ್ಲರನು ಈ ಗ್ರಂಥವನ್ನು ಜರ್ಮನ್ ಭಾಷೆಗೆ ತಂದನು. ಆದರೆ ಈ ಮಾತನ್ನು ಒಪ್ಪಲಿಲ್ಲ. ಗುಂಡಿನ ಆಕಾರದಲ್ಲಿಯೇ ಲೋಪವಿರಬೇಕೆಂದನು. ದೊಡ್ಡವರ ನಿರಾಕರಣೆಯು ಸಣ್ಣ ಸತ್ಯವನ್ನು ಎಷ್ಟು ಕಾಲ ಮೂಲೆಗೆ ತಳ್ಳಬಲ್ಲದೆಂಬುದಕ್ಕೆ ಇದೊಂದು ನಿದರ್ಶನ. ರಾಬಿನ್ಸನು ಕಂಪೆನಿಯ ನೌಕರಿಯಲ್ಲಿ ನಮ್ಮ ದಕ್ಷಿಣದೇಶಕ್ಕೆ ಬಂದು, ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ 1751ರಲ್ಲಿ ತೀರಿಕೊಂಡನು. ನೂರು ವರ್ಷ ಕಳೆದ ಬಳಿಕ ಬರ್ಲಿನ್ನಿನ ಮ್ಯಾಗ್ನಸ್ ಪಂಡಿತನು ಅದೇ ವಿಷಯವನ್ನು ಪ್ರಯೋಗದಿಂದ ತೋರಿಸಲು, ಹೆಸರು ಆತನಿಗೆ ನಿಂತಿತು.

ಇತ್ತ ಗಾಲ್ಫ್ ಬಯಲಿನಲ್ಲಿ ಚೆಂಡೇ ಬದಲಾಗುತ್ತಿತ್ತು. ಹಳೆಯ ಚೆಂಡು ತೊಗಲಿನ ಚೀಲದೊಳಗೆ ಹಕ್ಕಿಯ ಪುಕ್ಕವನ್ನು ತುಂಬಿ ಹೊಲಿದದ್ದು. ಬೆಲೆ ಹೆಚ್ಚು, ಆಯುಸ್ಸು ಕಡಮೆ. 1848ರ ಸುಮಾರಿಗೆ ಮಲಯ ದ್ವೀಪಗಳ ಒಂದು ಮರದ ಹಾಲಿನಿಂದಾದ ಗಟ್ಟಾಪರ್ಚದ ಚೆಂಡು ಬಂದಿತು. ಹೊಸದಾಗಿ ನುಣುಪಾಗಿದ್ದಾಗ ಅದು ಸರಿಯಾಗಿ ಹಾರದೆ ಬಿದ್ದುಹೋಗುತ್ತಿತ್ತು. ಏಟು ತಿಂದು ಮೈಯೆಲ್ಲ ಗಾಯವಾದ ಮೇಲೆ ಚೆನ್ನಾಗಿ ಹಾರುತ್ತಿತ್ತು. ಇದನ್ನು ಕಂಡ ಚೆಂಡುಗಾರರು ಮೊದಲೇ ಸುತ್ತಿಗೆಯಿಂದ ಕಚ್ಚು ಹಾಕಿ ಮಾರತೊಡಗಿದರು. ಇಂದಿನ ಚೆಂಡಿನ ಮೈಮೇಲಿರುವ ನೂರಾರು ಸಣ್ಣ ಗುಳಿಗಳ ವಂಶಮೂಲವಿದು.

ಈ ಕಥೆಯ ನಡುವೆ ನಿಲ್ಲುವ ಪುರುಷನು ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 1860ರಿಂದ ಪ್ರಕೃತಿವಿಜ್ಞಾನದ ಪ್ರಾಧ್ಯಾಪಕನಾಗಿದ್ದ ಪೀಟರ್ ಗಥ್ರಿ ಟೇಟ್. ಆತನಿಗೆ ಗಾಲ್ಫ್ ಆಟದ ಹುಚ್ಚು. ಬೇಸಗೆಯ ರಜೆಯಲ್ಲಿ ಸೇಂಟ್ ಆಂಡ್ರೂಸ್ ಬಯಲನ್ನು ಒಂದೇ ದಿನದಲ್ಲಿ ಹಲವು ಸಲ ಸುತ್ತುವನು. ಹಗಲು ಸಾಲದೆಂದು ರಂಜಕ ಸವರಿದ ಚೆಂಡನ್ನಿಟ್ಟುಕೊಂಡು ಇರುಳಿನಲ್ಲಿಯೂ ಆಡಿದನು; ಜೊತೆಗಿದ್ದ ಮಿತ್ರನ ಕೈಗವಸಿಗೆ ಬೆಂಕಿ ಹತ್ತಿದ ಬಳಿಕ ಆ ಸಾಹಸವು ನಿಂತಿತು. ಆತನ ಮೂರನೆಯ ಮಗ ಫ್ರೆಡಿಯು ಸೈನ್ಯದ ಅಧಿಕಾರಿ. ವೇತನಕ್ಕಾಗಿ ಆಡದವರ ಪಂದ್ಯದಲ್ಲಿ 1896ರಲ್ಲಿಯೂ 1898ರಲ್ಲಿಯೂ ಬ್ರಿಟನ್ನಿನ ಅಗ್ರಪ್ರಶಸ್ತಿಯನ್ನು ಪಡೆದವನು.

ತಂದೆಯು ಲೆಕ್ಕ ಹಾಕಿ, ಗಾಲ್ಫ್ ಚೆಂಡು ಗಾಳಿಯಲ್ಲಿ ಇಷ್ಟು ಗಜಕ್ಕಿಂತ ಹೆಚ್ಚು ದೂರ ಹೋಗಲಾರದೆಂದು ಸಿದ್ಧಾಂತ ಮಾಡಿದನೆಂದೂ, ಮಗನು 1893ರಲ್ಲಿ ಸುಮಾರು 250 ಗಜ ಹಾರಿಸಿ ಅದನ್ನು ಸುಳ್ಳು ಮಾಡಿದನೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಕೇಳುವವರಿಗೆ ಇದು ಸೊಗಸು. ಪಂಡಿತನು ಸೋತ ಕಥೆ ಯಾರಿಗೆ ತಾನೆ ಹಿಡಿಸದು? ಆದರೆ ಕಥೆಯು ಮುಖ್ಯಾಂಶವೊಂದನ್ನು ಬಿಟ್ಟುಬಿಡುತ್ತದೆ. ಆ ಲೆಕ್ಕವು ತಿರುಗದೆ ಹೋಗುವ ಚೆಂಡಿನದು. ನಿಜವಾದ ಚೆಂಡು ಅದಕ್ಕಿಂತ ದೂರ ಹೋಗುತ್ತಿದ್ದುದರಿಂದಲೇ, ಅದನ್ನು ಎತ್ತಿ ಹಿಡಿಯುವ ಬೇರೊಂದು ಬಲವಿರಬೇಕೆಂದು ಟೇಟ್ ಊಹಿಸಿದನು. ಆತನು ಮಾಡಿದ ಪ್ರಯೋಗವು ಬಹಳ ಸರಳ. ಚೆಂಡಿಗೆ ಉದ್ದವಾದ ಪಟ್ಟಿಯೊಂದನ್ನು ಅಂಟಿಸಿ, ಅದರ ಮತ್ತೊಂದು ತುದಿಯನ್ನು ನೆಲಕ್ಕೆ ಕಟ್ಟಿ, ಒಂದೆರಡು ಗಜದ ದೂರದಲ್ಲಿದ್ದ ಜೇಡಿಮಣ್ಣಿನ ಗೋಡೆಗೆ ಒಳ್ಳೆಯ ಆಟಗಾರನಿಂದ ಹೊಡೆಯಿಸಿದನು. ಬಳಿಕ ಪಟ್ಟಿಯಲ್ಲಿ ಬಿದ್ದ ಹುರಿಗಳನ್ನು ಎಣಿಸಿದನು. ಚೆಂಡು ಹಿಮ್ಮುಖವಾಗಿ, ಸೆಕೆಂಡಿಗೆ ಹಲವು ಹತ್ತು ಸುತ್ತು, ಕೆಲವರ ಹೊಡೆತದಲ್ಲಿ ನೂರಕ್ಕೂ ಮೇಲೆ, ತಿರುಗುತ್ತಿತ್ತೆಂಬುದು ಹೀಗೆ ಸಿದ್ಧವಾಯಿತು. ಆ ತಿರುಗುವಿಕೆಯು ಗಾಳಿಯನ್ನು ಕೆಳಕ್ಕೆ ತಳ್ಳುವುದು, ಗಾಳಿಯು ಚೆಂಡನ್ನು ಮೇಲಕ್ಕೆತ್ತುವುದು.

ಇಲ್ಲಿ ಒಂದು ದುಃಖದ ಮಾತಿದೆ. ಚೆಂಡಿಗೆ ಯಾವ ಬಗೆಯ ತಿರುಗುವಿಕೆಯಾದರೂ ಕೇಡೆಂದು ಟೇಟನಿಗೆ ಎಳೆಯ ವಯಸ್ಸಿನಲ್ಲಿ ಹೇಳಿಕೊಟ್ಟಿದ್ದರು. ಆತನು ಅದನ್ನು ನಂಬಿ, ತಿರುಗದಂತೆ ಹೊಡೆಯುವುದನ್ನು ಶ್ರದ್ಧೆಯಿಂದ ಸಾಧಿಸಿದನು. ನಿಜವು ತಿಳಿಯುವ ಹೊತ್ತಿಗೆ 35 ವರ್ಷ ತಡವಾಗಿತ್ತೆಂದು ಆತನೇ ಬರೆದಿರುವನು. ವಿಧೇಯನಾದ ಶಿಷ್ಯನಿಗೆ ತಪ್ಪು ಪಾಠದಿಂದಾಗುವ ಹಾನಿಯು ಅವಿಧೇಯನಿಗೆ ಆಗುವುದಿಲ್ಲವೆಂಬುದು ಕಲಿಸುವ ವೃತ್ತಿಯವರು ಮರೆಯಬಾರದ ಸಂಗತಿ. ಫ್ರೆಡಿಯು ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ 1900ನೆಯ ಫೆಬ್ರವರಿ 7ರಂದು, ಮೂವತ್ತನೆಯ ವಯಸ್ಸಿನಲ್ಲಿ, ಗುಂಡು ತಗುಲಿ ಮಡಿದನು. ತಂದೆಯು ಮರುವರ್ಷದ ಜುಲೈ 4ರಂದು ಹೋದನು.

ಹಿಮ್ಮುಖವಾಗಿ ತಿರುಗುವ ಚೆಂಡಿನ ಅಚ್ಚು ನೆಲಕ್ಕೆ ಸಮವಾಗಿದ್ದರೆ ಅದು ನೆಟ್ಟಗೆ ಮೇಲೇರುವುದು. ಅಚ್ಚು ಬಲಕ್ಕೆ ವಾಲಿದರೆ ಎತ್ತುವ ಬಲವೂ ಬಲಕ್ಕೆ ವಾಲುವುದು, ಎಡಕ್ಕಾದರೆ ಎಡಕ್ಕೆ. ಹದ್ದು ರೆಕ್ಕೆಯನ್ನು ಓರೆಮಾಡಿ ತಿರುಗುವಂತೆಯೇ ಇದು. ಕ್ರಿಕೆಟ್ಟಿನಲ್ಲಿ ವೇಗದ ಬೌಲರು ಚೆಂಡನ್ನು ಸ್ವಿಂಗ್ ಮಾಡುವುದು ಬೇರೆ ವಿಷಯ. ಅಲ್ಲಿ ಕೆಲಸ ಮಾಡುವುದು ಹೊಲಿಗೆ. ಸ್ಪಿನ್ ಬೌಲರನ ಚೆಂಡು ಗಾಳಿಯಲ್ಲಿ ಪಕ್ಕಕ್ಕೆ ತೇಲುವುದು ಮಾತ್ರ ಗಾಲ್ಫ್ ಚೆಂಡಿನ ದಾಯಾದಿ.

ಶಾಸ್ತ್ರವು ಹೀಗೆ ನಡೆಯುತ್ತಿರಲು ಪ್ರಯೋಗವು ಅದಕ್ಕಾಗಿ ಕಾಯಲಿಲ್ಲ. ಜರ್ಸಿ ದ್ವೀಪದಲ್ಲಿ ಹುಟ್ಟಿ, ತೋಟಗಾರಿಕೆಯಿಂದ ಬದುಕನ್ನು ಆರಂಭಿಸಿದ ಹ್ಯಾರಿ ವಾರ್ಡನ್, 1896ರಿಂದ 1914ರವರೆಗೆ ಆರು ಸಲ ಬ್ರಿಟನ್ನಿನ ಮುಕ್ತ ಪಂದ್ಯವನ್ನು ಗೆದ್ದವನು, 1905ರ ತನ್ನ ಗ್ರಂಥದಲ್ಲಿ ಚೆಂಡನ್ನು ಬೇಕೆಂದೇ ಎರಡು ಕಡೆಗೂ ಬಾಗಿಸುವ ಹೊಡೆತಗಳನ್ನು ವಿವರಿಸಿದನು. ಅವುಗಳನ್ನು ಆತನು ಎಣಿಸಿದ್ದು ಪ್ರೌಢರ ವಿದ್ಯೆಯೆಂದು.

ಎರಡು ಕಡೆಗೂ ಬಾಗಿಸಬಲ್ಲವನು ಎರಡನ್ನೂ ಸಮವಾಗಿ ಬಳಸುವನೆಂದೇನೂ ಇಲ್ಲ. ದಕ್ಷಿಣ ಆಫ್ರಿಕದ ಬಾಬಿ ಲಾಕ್ ಪ್ರಾಯಶಃ ಪ್ರತಿಯೊಂದು ಹೊಡೆತವನ್ನೂ ಬಹುದೂರ ಬಲಕ್ಕೆ ಕಳುಹಿಸಿ ಎಡಕ್ಕೆ ತಿರುಗಿಸುತ್ತಿದ್ದನು. ನೋಡಿದವರು ನಕ್ಕರು, ಆತನು 1949ರಿಂದ 1957ರೊಳಗೆ ನಾಲ್ಕು ಸಲ ಮುಕ್ತ ಪಂದ್ಯವನ್ನು ಗೆದ್ದನು. ಅಮೆರಿಕದ ಟೆಕ್ಸಸ್ ಪ್ರಾಂತದ ಬೆನ್ ಹೋಗನ್ನನಿಗೆ ಆ ಎಡತಿರುವೇ ಶತ್ರುವಾಗಿತ್ತು. ವರ್ಷಾನುಗಟ್ಟಲೆ ಆತನ ಚೆಂಡು ಬೇಡವೆಂದರೂ ಎಡಕ್ಕೆ ಹೊರಳಿ ಕೈಗೆ ಬಂದ ಪಂದ್ಯಗಳನ್ನು ಕಸಿಯಿತು. ಹಿಡಿತವನ್ನು ಬದಲಿಸಿ, ಮುಂಗೈಯ ತಿರುವನ್ನು ಬದಲಿಸಿ, ಬೆಳಗಿನಿಂದ ಸಂಜೆಯವರೆಗೆ ಅಭ್ಯಾಸ ಮಾಡಿ, ಕೊನೆಗೆ ಬಲಕ್ಕೆ ಮೆಲ್ಲನೆ ಬಾಗುವ ಹೊಡೆತವನ್ನು ಆತನು ಕೈವಶಮಾಡಿಕೊಂಡನು. 1949ನೆಯ ಫೆಬ್ರವರಿ 2ರಂದು ಮಂಜಿನಲ್ಲಿ ಬಸ್ಸೊಂದು ಆತನ ಕಾರಿಗೆ ಎದುರಿನಿಂದ ಅಪ್ಪಳಿಸಿತು. ಹೆಂಡತಿಯನ್ನು ಉಳಿಸಲು ಆಕೆಗೆ ಅಡ್ಡವಾಗಿ ಬಿದ್ದ ಹೋಗನ್ನನ ಎಲುಬುಗಳು ಮುರಿದುವು. ಮತ್ತೆ ನಡೆದಾಡುವನೋ ಇಲ್ಲವೋ ಎಂಬ ಸ್ಥಿತಿ. 1950ರ ಜೂನಿನಲ್ಲಿ, ಕಾಲಿಗೆ ಪಟ್ಟಿ ಸುತ್ತಿಕೊಂಡು, ಆತನು ಅಮೆರಿಕದ ಮುಕ್ತ ಪಂದ್ಯವನ್ನು ಮತ್ತೆ ಗೆದ್ದನು.

ಇನ್ನು ಪಾಠದ ಮಾತು. ಚೆಂಡನ್ನು ಬಾಗಿಸುವುದಕ್ಕೆ ಎರಡು ವಸ್ತುಗಳನ್ನು ಹೊಂದಿಸಬೇಕು: ಕೋಲು ಬೀಸಿ ಬರುವ ದಾರಿ, ಮತ್ತು ತಾಗುವ ಕ್ಷಣದಲ್ಲಿ ಕೋಲಿನ ಮುಖ ನೋಡುವ ದಿಕ್ಕು. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಗುರುಗಳು ಹೇಳುತ್ತಿದ್ದುದು ಹೀಗೆ: ಚೆಂಡು ದಾರಿಯ ದಿಕ್ಕಿನಲ್ಲಿ ಹೊರಟು, ಮುಖವು ನೋಡುತ್ತಿದ್ದ ಕಡೆಗೆ ಬಾಗಿ ಮುಗಿಯುವುದು, ಆದುದರಿಂದ ಮುಖವನ್ನು ಗುರಿಗೆ ಹಿಡಿ, ಚೆಂಡು ಹೊರಡಬೇಕಾದ ಕಡೆಗೆ ಮೈಯನ್ನು ತಿರುಗಿಸಿ ಬೀಸು. ಜಾಕ್ ನಿಕ್ಲಾಸನಂಥ ಮಹಾ ಆಟಗಾರನು 1974ರ ತನ್ನ ಗ್ರಂಥದಲ್ಲಿ ಬೋಧಿಸಿದ್ದೂ ಇದನ್ನೇ.

ಇದು ಪೂರ್ವಪಕ್ಷ. ಇದರಲ್ಲಿ ಬಾಗುವ ದಿಕ್ಕು ಸರಿ. ಹೊರಡುವ ದಿಕ್ಕು ತಪ್ಪು. ಬ್ರಿಟನ್ನಿನ ಗಾಲ್ಫ್ ಸಂಘವೊಂದರ ಸಂಶೋಧನೆಯನ್ನು ಆಧರಿಸಿ ಕಾಕ್ರನ್ ಮತ್ತು ಸ್ಟಾಬ್ಸ್ ಎಂಬವರು 1968ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೇ ನಿಜವಿತ್ತು. ಅಮೆರಿಕದ ಯೋರ್ಗೆನ್‌ಸನ್ನನು 1990ರ ದಶಕದಲ್ಲಿ ಅದನ್ನು ರೇಖಾಗಣಿತದಿಂದ ಬಿಡಿಸಿ ತೋರಿಸಿದನು. ಕಲಿಸುವವರು ಗಮನಿಸಲಿಲ್ಲ. 2003ರಲ್ಲಿ ಸ್ಥಾಪಿತವಾದ ಡೆನ್ಮಾರ್ಕಿನ ಟ್ರ್ಯಾಕ್‌ಮನ್ ಸಂಸ್ಥೆಯ ರಡಾರ್ ಯಂತ್ರವು ಪ್ರತಿ ಹೊಡೆತವನ್ನೂ ಅಳೆದು ಅಂಕಿಗಳನ್ನು ಕಣ್ಣಮುಂದಿಟ್ಟ ಮೇಲೆ ವಾದಕ್ಕೆ ಎಡೆಯುಳಿಯಲಿಲ್ಲ. ಚೆಂಡು ಹೊರಡುವ ದಿಕ್ಕನ್ನು ಮುಕ್ಕಾಲು ಪಾಲು ಅಥವಾ ಅದಕ್ಕೂ ಹೆಚ್ಚಾಗಿ ನಿರ್ಣಯಿಸುವುದು ಮುಖ. ಮುಖಕ್ಕೂ ದಾರಿಗೂ ಇರುವ ಅಂತರವು ಬಾಗುವಿಕೆಯನ್ನು ನಿರ್ಣಯಿಸುವುದು. ಮುಖವನ್ನು ಗುರಿಗೇ ಹಿಡಿದು ಎಡಕ್ಕೆ ಬೀಸಿದವನ ಚೆಂಡು ಗುರಿಯ ಹತ್ತಿರದ ದಿಕ್ಕಿನಲ್ಲಿಯೇ ಹೊರಟು ಬಲಕ್ಕೆ ದಾಟಿಹೋಗುವುದು. ಗುರಿಗೆ ಮರಳಬೇಕಾದರೆ ಮುಖವು ಗುರಿಗೂ ದಾರಿಗೂ ನಡುವೆ ಇರಬೇಕು: ದಾರಿಯು ಗುರಿಯಿಂದ 4 ಡಿಗ್ರಿ ಎಡಕ್ಕಾದರೆ ಮುಖವು ಸುಮಾರು 2 ಡಿಗ್ರಿ ಎಡಕ್ಕೆ. ಎಡಕ್ಕೆ ಬಾಗಿಸುವುದಕ್ಕೆ ಇದರ ಕನ್ನಡಿಯ ಬಿಂಬ. ಚೆಂಡು ಮುಖದ ನಡುವಿಗೆ ತಾಗಿದಾಗ ಮಾತ್ರ ಈ ನಿಯಮ; ದಪ್ಪ ತಲೆಯ ಕೋಲಿನ ತುದಿಗೆ ತಾಗಿದ ಚೆಂಡು ಇದನ್ನು ಧಿಕ್ಕರಿಸಿ ಎಡಕ್ಕೆ ಹೊರಳುವುದುಂಟು.

ಹಾಗಾದರೆ ತಪ್ಪು ನಿಯಮವನ್ನು ಬೋಧಿಸಿದ ಮಹಾ ಆಟಗಾರರು ಗುರಿಯನ್ನು ಮುಟ್ಟಿದ್ದು ಹೇಗೆ? ಅವರ ಕೈಗೆ ತಿಳಿದಿತ್ತು, ಬಾಯಿಗೆ ತಿಳಿದಿರಲಿಲ್ಲ. ವ್ಯಾಕರಣದಲ್ಲಿ ಶಿಷ್ಟರ ಪ್ರಯೋಗವು ಲಕ್ಷ್ಯ, ಸೂತ್ರವು ಲಕ್ಷಣ. ಲಕ್ಷ್ಯವು ಮೊದಲು, ಲಕ್ಷಣವು ಅದರ ಹಿಂದೆ. ಸೂತ್ರವನ್ನರಿಯದೆಯೂ ಶುದ್ಧವಾಗಿ ಮಾತನಾಡುವವರಿದ್ದಾರೆ. ಆದರೆ ಆ ಭಾಗ್ಯವು ಶಿಷ್ಯನಿಗಿಲ್ಲ. ಮಾತನ್ನು ನಂಬಿ ಮುಖವನ್ನು ಗುರಿಗೆ ಹಿಡಿದು, ಚೆಂಡು ದಾಟಿಹೋದಾಗ ತನ್ನ ಬೀಸನ್ನೇ ಹಳಿದುಕೊಂಡವರೆಷ್ಟು ಮಂದಿಯೋ.

2012ರ ಏಪ್ರಿಲಿನಲ್ಲಿ ಅಮೆರಿಕದ ಆಗಸ್ಟದಲ್ಲಿ ಮಾಸ್ಟರ್ಸ್ ಪಂದ್ಯವು ಸಮವಾಗಿ, ಹೆಚ್ಚುವರಿ ಆಟದ ಎರಡನೆಯ ಕುಳಿಯಲ್ಲಿ ಬಬ್ಬಾ ವಾಟ್ಸನ್ನನ ಚೆಂಡು ಬಲಗಡೆಯ ಪೈನ್ ಮರಗಳೊಳಗೆ ಬಿದ್ದಿತು. ಗುರಿಯು ಕಾಣದು. ಎಡಗೈಯ ಆಟಗಾರನಾದ ಆತನಿಗೆ ಹುಕ್ ಎಂದರೆ ಬಲತಿರುವು. ಮರಗಳ ಸಂದಿನಿಂದ ಹೊರಟ ಚೆಂಡು ಸುಮಾರು 40 ಗಜ ಬಲಕ್ಕೆ ಬಾಗಿ ಕುಳಿಯಿರುವ ಹಸುರಿನ ಮೇಲೆ ಬಿದ್ದಿತು, ಪಂದ್ಯವು ಆತನದಾಯಿತು. ವಾಟ್ಸನ್ನನು ಯಾವ ಗುರುವಿನಲ್ಲಿಯೂ ಪಾಠ ಹೇಳಿಸಿಕೊಂಡವನಲ್ಲ.

ಬಾಗದಿರುವ ಚೆಂಡನ್ನೇ ಮಾಡಿದವರೂ ಇದ್ದರು. 1977ರಲ್ಲಿ ಅಮೆರಿಕದಲ್ಲಿ ಪೊಲಾರಾ ಎಂಬ ಚೆಂಡು ಮಾರಾಟಕ್ಕೆ ಬಂದಿತು. ಅದರ ಗುಳಿಗಳ ಆಳವು ಮೈಯೆಲ್ಲ ಒಂದೇ ಸಮನಾಗಿರಲಿಲ್ಲ. ಆದುದರಿಂದ ತಪ್ಪಾಗಿ ಹೊಡೆದರೂ ಅದು ತನ್ನಷ್ಟಕ್ಕೆ ನೆಟ್ಟಗಾಗುತ್ತಿತ್ತು. ಕೊಳ್ಳುವವರಿಗೆ ಸಂತೋಷ. ಆಟದ ಆಡಳಿತ ಸಂಸ್ಥೆಯು 1981ರಲ್ಲಿ ಚೆಂಡು ಎಲ್ಲ ಕಡೆಯಿಂದಲೂ ಸಮರೂಪವಾಗಿ ಹಾರಬೇಕೆಂದು ನಿಯಮ ಮಾಡಿ ಅದನ್ನು ಪಂದ್ಯಗಳಿಂದ ಹೊರಗಿಟ್ಟಿತು. ತಯಾರಕರು ವ್ಯಾಜ್ಯ ಹೂಡಿದರು. 1985ರಲ್ಲಿ ಸಂಸ್ಥೆಯು ಅವರಿಗೆ 13 ಲಕ್ಷ 75 ಸಾವಿರ ಡಾಲರು ತೆತ್ತು ರಾಜಿ ಮಾಡಿಕೊಂಡಿತು. ನಿಯಮವನ್ನು ಮಾತ್ರ ಬಿಡಲಿಲ್ಲ.