ಸಮುದಾಯ ಬಾನುಲಿ ಕೇಂದ್ರಗಳು: ಹಿನ್ನೆಲೆ, ಕಾರ್ಯಕ್ರಮಗಳ ಸ್ವರೂಪ ಹಾಗೂ ಅನುಮತಿ ಪಡೆಯುವ ಕ್ರಮ

(ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಶಿಕ್ಷಣ ಸಂಸ್ಥೆಗಳು ಹಾಗೂ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಕಾಲೇಜುಗಳು, ವಿಶ್ವವಿದ್ಯಾನಿಲಯಗಳು, ಕೃಷಿ ವಿಜ್ಞಾನ ಕೇಂದ್ರಗಳು ಹಾಗೂ ನೋಂದಾಯಿತ ಸ್ವಯಂಸೇವಾ ಸಂಸ್ಥೆಗಳು ತಮ್ಮ ಸುತ್ತಲಿನ ಜನರಿಗಾಗಿ, ಲಾಭದ ಉದ್ದೇಶವಿಲ್ಲದೆ ನಡೆಸುವ ಅಲ್ಪ ಶಕ್ತಿಯ ಎಫ್.ಎಂ. ಕೇಂದ್ರಗಳನ್ನು ಸಮುದಾಯ ಬಾನುಲಿ ಕೇಂದ್ರಗಳೆಂದು ಕರೆಯಲಾಗುತ್ತದೆ. ಇಂತಹ ಕೇಂದ್ರವನ್ನು ಸ್ಥಾಪಿಸಲು ಯಾವ ಕಛೇರಿಯನ್ನು ಸಂಪರ್ಕಿಸಬೇಕು, ಯಾರು ಅರ್ಹರು, ಏನನ್ನು ಪ್ರಸಾರ ಮಾಡಬಹುದು ಎಂಬ ವಿಷಯಗಳನ್ನು ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಸೇರಿದ ನಾಲ್ಕು ತಾಲ್ಲೂಕುಗಳ ಸಂಸ್ಥೆಗಳ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

2. ಐತಿಹಾಸಿಕ ಹಿನ್ನೆಲೆ

ಬಾನುಲಿಯೊಂದಿಗೆ ಕಾಲೇಜಿನ ನಂಟು ಈ ಭಾಗಕ್ಕೆ ಹೊಸದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ನಿವಾಸದಿಂದ 30 ವ್ಯಾಟ್ ಸಾಮರ್ಥ್ಯದ ಪ್ರೇಷಕದ ಮೂಲಕ ಪ್ರಸಾರವನ್ನು ಆರಂಭಿಸಿದರು. ಅದು "ಆಕಾಶವಾಣಿ" ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಖಾಸಗಿ ಪ್ರಯತ್ನವಾಗಿ ಆರಂಭಗೊಂಡು ಮೈಸೂರು ಪುರಸಭೆಯ ನೆರವನ್ನೂ ಪಡೆದ ಈ ಕೇಂದ್ರವನ್ನು 1942ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ವಹಿಸಿಕೊಂಡಿತು. ಸ್ವಾತಂತ್ರ್ಯಾನಂತರ ಅದು ಅಖಿಲ ಭಾರತ ಬಾನುಲಿಯಲ್ಲಿ ವಿಲೀನಗೊಂಡಿತು. 1955ರ ನವೆಂಬರ್‌ನಲ್ಲಿ ಕೇಂದ್ರವು ಬೆಂಗಳೂರಿಗೆ ಸ್ಥಳಾಂತರಗೊಂಡಿತು. 1957ರಲ್ಲಿ ಇಡೀ ರಾಷ್ಟ್ರದ ಬಾನುಲಿ ಸಂಸ್ಥೆಯು ಇದೇ ಹೆಸರನ್ನು ಸ್ವೀಕರಿಸಿತು. ಇಂದು ಸಮುದಾಯ ಬಾನುಲಿಗೆ ಅನುಮತಿಸಲಾಗುವ 100 ವ್ಯಾಟ್ ಶಕ್ತಿಯೊಡನೆ ಹೋಲಿಸಿದರೆ ಆ ಮೊದಲ ಪ್ರೇಷಕದ ಸಾಮರ್ಥ್ಯವು ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ಎಂಬುದು ಗಮನಾರ್ಹ.

ಆ ಬಳಿಕ ಹಲವು ದಶಕಗಳ ಕಾಲ ಪ್ರಸಾರವು ಸರ್ಕಾರದ ಅಧೀನದಲ್ಲಿಯೇ ಇದ್ದಿತು. 1995ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪು ನೀಡಿತು. 2002ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಶಿಕ್ಷಣ ಸಂಸ್ಥೆಗಳಿಗೆ ಬಾನುಲಿ ಕೇಂದ್ರ ಸ್ಥಾಪಿಸಲು ಅವಕಾಶ ಕಲ್ಪಿಸಿತು. ಅದರಂತೆ 2004ರ ಫೆಬ್ರವರಿ 1ರಂದು ಚೆನ್ನೈನ ಅಣ್ಣಾ ವಿಶ್ವವಿದ್ಯಾನಿಲಯದಲ್ಲಿ ದೇಶದ ಮೊದಲ ಕ್ಯಾಂಪಸ್ ಸಮುದಾಯ ಬಾನುಲಿ ಆರಂಭವಾಯಿತು. 2006ರ ಮಾರ್ಗಸೂಚಿಗಳು ಇದೇ ಅವಕಾಶವನ್ನು ಸ್ವಯಂಸೇವಾ ಸಂಸ್ಥೆಗಳಿಗೂ ವಿಸ್ತರಿಸಿದವು.

ಕರ್ನಾಟಕದಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ "ನಮ್ಮ ಧ್ವನಿ"ಯು ಅನುಮತಿ ದೊರೆಯುವ ಮುನ್ನವೇ, 2003ರಲ್ಲಿ, ಕೇಬಲ್ ಮೂಲಕ ಗ್ರಾಮಸ್ಥರ ಕಾರ್ಯಕ್ರಮಗಳನ್ನು ಮನೆಗಳಿಗೆ ತಲುಪಿಸಿತು. 2007ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ಕೇಂದ್ರ ಹಾಗೂ ಬೆಂಗಳೂರಿನ ಜೈನ್ ಸಂಸ್ಥೆಯ "ರೇಡಿಯೋ ಆಕ್ಟಿವ್" ಆರಂಭಗೊಂಡವು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ "ರೇಡಿಯೋ ಸಾರಂಗ್" ಮತ್ತು ಮೈಸೂರು ಜಿಲ್ಲೆಯ ಸರಗೂರಿನ "ಜನಧ್ವನಿ" ನಂತರ ಬಂದವು.

3. ವ್ಯಾಪ್ತಿ ಮತ್ತು ತಾಂತ್ರಿಕ ಮಿತಿ

ಸಾಮಾನ್ಯವಾಗಿ 100 ವ್ಯಾಟ್ ಪರಿಣಾಮಕಾರಿ ಪ್ರಸಾರ ಶಕ್ತಿಗೆ ಅನುಮತಿ ನೀಡಲಾಗುತ್ತದೆ. ಗೋಪುರದ ಎತ್ತರವು ನೆಲಮಟ್ಟದಿಂದ 30 ಮೀಟರ್ ಮೀರತಕ್ಕದ್ದಲ್ಲ. ಪ್ರಸಾರವು ಸುಮಾರು 10ರಿಂದ 15 ಕಿ.ಮೀ. ತ್ರಿಜ್ಯದ ಪ್ರದೇಶವನ್ನು ತಲುಪುತ್ತದೆ. ಎಫ್.ಎಂ. ತರಂಗಗಳು ಬಹುಮಟ್ಟಿಗೆ ನೇರ ದೃಷ್ಟಿರೇಖೆಯಲ್ಲಿ ಸಾಗುವುದರಿಂದ ಗುಡ್ಡಗಳ ಮರೆಯಲ್ಲಿರುವ ಗ್ರಾಮಗಳಿಗೆ ಧ್ವನಿ ಕ್ಷೀಣವಾಗಿ ತಲುಪಬಹುದು. ಆದುದರಿಂದ ಒಂದೇ ಕೇಂದ್ರವು ನಾಲ್ಕೂ ತಾಲ್ಲೂಕುಗಳಿಗೆ ಕೇಳಿಸುವುದು ಸಾಧ್ಯವಿಲ್ಲ. ಮೇಲುಕೋಟೆಯಂತಹ ಬೆಟ್ಟದ ಸೀಮೆ ಹಾಗೂ ಶ್ರೀರಂಗಪಟ್ಟಣದಂತಹ ನದಿ ಬಯಲಿಗೆ ಸ್ಥಳದ ಆಯ್ಕೆಯು ಬೇರೆಬೇರೆಯಾಗಿರುತ್ತದೆ. ಅರ್ಜಿ ಸಲ್ಲಿಸುವ ಮುನ್ನವೇ ತಮ್ಮ ಕೇಂದ್ರವು ಯಾವ ಯಾವ ಗ್ರಾಮಗಳಿಗೆ ಮೀಸಲೆಂಬುದನ್ನು ಸಂಸ್ಥೆಯು ಪಟ್ಟಿ ಮಾಡಿಕೊಳ್ಳುವುದು ಸೂಕ್ತ.

4. ಕಾರ್ಯಕ್ರಮಗಳ ಸ್ವರೂಪ

ಕಾರ್ಯಕ್ರಮಗಳ ಪೈಕಿ ಕನಿಷ್ಠ ಶೇ. 50ರಷ್ಟು ಸ್ಥಳೀಯ ಸಮುದಾಯದ ಪಾಲ್ಗೊಳ್ಳುವಿಕೆಯಿಂದ ತಯಾರಾಗಬೇಕು. ಉದಾಹರಣೆಗೆ, ದಿನಕ್ಕೆ 8 ಗಂಟೆ ಪ್ರಸಾರ ಮಾಡುವ ಕೇಂದ್ರವು 4 ಗಂಟೆಯಷ್ಟು ಸ್ಥಳೀಯ ಕಾರ್ಯಕ್ರಮವನ್ನು ಸಿದ್ಧಪಡಿಸಬೇಕಾಗುತ್ತದೆ. ಚಿತ್ರಗೀತೆಗಳನ್ನಷ್ಟೇ ನೆಚ್ಚಿಕೊಂಡು ಕೇಂದ್ರ ನಡೆಸಲಾಗದು.

ಸ್ವತಂತ್ರವಾಗಿ ಸುದ್ದಿ ಹಾಗೂ ಪ್ರಚಲಿತ ರಾಜಕೀಯ ವಿದ್ಯಮಾನಗಳನ್ನು ಪ್ರಸಾರ ಮಾಡಲು ಅವಕಾಶವಿರುವುದಿಲ್ಲ. ಆಕಾಶವಾಣಿಯ ವಾರ್ತೆಗಳನ್ನು ಯಾವುದೇ ಬದಲಾವಣೆಯಿಲ್ಲದೆ ಮರುಪ್ರಸಾರ ಮಾಡಬಹುದು. ಆದರೆ ಕೆಳಕಂಡವುಗಳನ್ನು ಸುದ್ದಿಯೆಂದು ಪರಿಗಣಿಸಲಾಗುವುದಿಲ್ಲ:

ಅ) ಸ್ಥಳೀಯ ಕ್ರೀಡೆ, ಜಾತ್ರೆ, ಉತ್ಸವ ಮತ್ತು ಸಾಂಸ್ಕೃತಿಕ ಸಮಾರಂಭಗಳ ವಿವರ;
ಆ) ಹವಾಮಾನ ಮತ್ತು ಸಂಚಾರ ಮಾಹಿತಿ;
ಇ) ಪರೀಕ್ಷೆ, ಫಲಿತಾಂಶ, ಪ್ರವೇಶ ಹಾಗೂ ಉದ್ಯೋಗಾವಕಾಶಗಳ ಮಾಹಿತಿ;
ಈ) ಸ್ಥಳೀಯ ಆಡಳಿತವು ನೀಡುವ ವಿದ್ಯುತ್, ನೀರು ಸರಬರಾಜು, ಪ್ರಕೃತಿ ವಿಕೋಪ ಹಾಗೂ ಆರೋಗ್ಯ ಸಂಬಂಧಿ ಪ್ರಕಟಣೆಗಳು.

ಇವುಗಳಲ್ಲಿ (ಈ) ಕ್ರಮಾಂಕವು ಈ ಉಪವಿಭಾಗಕ್ಕೆ ಅತಿ ಮುಖ್ಯವಾದುದು. 2019ರ ಆಗಸ್ಟ್‌ನಲ್ಲಿ ಕೃಷ್ಣರಾಜಸಾಗರದಿಂದ ಭಾರಿ ಪ್ರಮಾಣದ ನೀರನ್ನು ನದಿಗೆ ಬಿಟ್ಟಾಗ ಶ್ರೀರಂಗಪಟ್ಟಣ ತಾಲ್ಲೂಕಿನ ನದಿಪಾತ್ರದ ಜಮೀನುಗಳು ಮತ್ತು ತಗ್ಗು ಪ್ರದೇಶಗಳು ಜಲಾವೃತಗೊಂಡವು. ಅಂತಹ ಸಂದರ್ಭದಲ್ಲಿ ದನಕರುಗಳನ್ನು ಹೊಡೆದುಕೊಂಡು ಬರಲು, ಪಂಪ್‌ಸೆಟ್ ಬಿಚ್ಚಿ ದಡಕ್ಕೆ ಸಾಗಿಸಲು ರೈತನಿಗೆ ದೊರೆಯುವ ಕೆಲವು ಗಂಟೆಗಳ ಅವಧಿಯೇ ನಿರ್ಣಾಯಕ. ಓದಲು ಬಾರದವರಿಗೂ, ವಿದ್ಯುತ್ ಇಲ್ಲದ ವೇಳೆಯಲ್ಲೂ ಬ್ಯಾಟರಿ ರೇಡಿಯೋ ಮೂಲಕ ಎಚ್ಚರಿಕೆಯನ್ನು ತಲುಪಿಸಬಹುದು. ಆದರೆ ಜಲಾಶಯದ ಹೊರಹರಿವು ಕುರಿತ ಅಂಕಿಅಂಶಗಳನ್ನು ಸಂಬಂಧಿಸಿದ ಅಧಿಕಾರಿಗಳಿಂದ ಪಡೆದೇ ಪ್ರಸಾರ ಮಾಡಬೇಕು. ಕೇಳಿಬಂದ ಮಾತನ್ನು ಪ್ರಸಾರ ಮಾಡಿದಲ್ಲಿ ಜನರು ಅನಗತ್ಯವಾಗಿ ಗಾಬರಿಗೊಳ್ಳುವರು. ಮುಂದೆ ನಿಜವಾದ ಎಚ್ಚರಿಕೆಯನ್ನೂ ನಂಬದಂತಾಗುವುದು.

ಅದೇ ರೀತಿ ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ಪದ್ಧತಿಯಂತೆ ನೀರು ಹರಿಸುವ ದಿನಾಂಕಗಳು, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಹೇಮಾವತಿ ನಾಲೆಯ ನೀರಿನ ಪ್ರಕಟಣೆ, ಕಬ್ಬು, ಭತ್ತ, ರಾಗಿ ಮತ್ತು ತೆಂಗು ಬೆಳೆಗಳ ಕುರಿತ ತಜ್ಞರ ಸಲಹೆ, ಮೇಲುಕೋಟೆಯ ವೈರಮುಡಿ ಉತ್ಸವದ ವೇಳೆಯ ವಾಹನ ವ್ಯವಸ್ಥೆ ಇವೆಲ್ಲವೂ ಯೋಗ್ಯ ವಿಷಯಗಳಾಗಿವೆ. ಮೇಲುಕೋಟೆಯು ಪು.ತಿ. ನರಸಿಂಹಾಚಾರ್ಯರ ಹಾಗೂ ಕಿಕ್ಕೇರಿಯು ಕೆ.ಎಸ್. ನರಸಿಂಹಸ್ವಾಮಿಯವರ ಹುಟ್ಟೂರು. ಆದುದರಿಂದ ಸಾಹಿತ್ಯ ಕಾರ್ಯಕ್ರಮಗಳಿಗೂ, ಹಿರಿಯರ ಸೋಬಾನೆ ಮತ್ತು ಜನಪದ ಗೀತೆಗಳ ಧ್ವನಿಮುದ್ರಣಕ್ಕೂ ಇಲ್ಲಿ ವಿಪುಲ ಅವಕಾಶವಿದೆ.

5. ಅರ್ಹತೆ

ಶಿಕ್ಷಣ ಸಂಸ್ಥೆಗಳು, ಕೃಷಿ ವಿಶ್ವವಿದ್ಯಾನಿಲಯಗಳು, ಕೃಷಿ ವಿಜ್ಞಾನ ಕೇಂದ್ರಗಳು, ಹಾಗೂ ಕನಿಷ್ಠ 3 ವರ್ಷಗಳ ಸಮುದಾಯ ಸೇವೆಯ ದಾಖಲೆಯುಳ್ಳ ನೋಂದಾಯಿತ ಸಂಘ ಮತ್ತು ಸಾರ್ವಜನಿಕ ನ್ಯಾಸಗಳು ಅರ್ಜಿ ಸಲ್ಲಿಸಬಹುದು. ವ್ಯಕ್ತಿಗಳು, ರಾಜಕೀಯ ಪಕ್ಷಗಳು ಹಾಗೂ ಅವುಗಳ ಅಂಗಸಂಸ್ಥೆಗಳು, ಲಾಭದ ಉದ್ದೇಶದ ಸಂಸ್ಥೆಗಳು ಮತ್ತು ನಿಷೇಧಿತ ಸಂಘಟನೆಗಳು ಅರ್ಹವಲ್ಲ. ಉತ್ಸಾಹಿ ಯುವಕರು ವೈಯಕ್ತಿಕ ಹೆಸರಿನಲ್ಲಿ ಅರ್ಜಿ ಸಲ್ಲಿಸಿದಲ್ಲಿ ಅದು ತಿರಸ್ಕೃತವಾಗುತ್ತದೆ. ಅಂತಹವರು ಅರ್ಹ ಸಂಸ್ಥೆಯೊಂದರ ಮೂಲಕ ಮುಂದುವರಿಯಬೇಕು.

6. ಅನುಮತಿ ಪಡೆಯುವ ಕ್ರಮ

ಅನುಮತಿ ನೀಡುವ ಅಧಿಕಾರವು ಭಾರತ ಸರ್ಕಾರದ ವಾರ್ತಾ ಮತ್ತು ಪ್ರಸಾರ ಮಂತ್ರಾಲಯಕ್ಕೆ ಸೇರಿದೆ. ಜಿಲ್ಲಾ ಅಥವಾ ತಾಲ್ಲೂಕು ಕಛೇರಿಗಳು ಈ ಅನುಮತಿಯನ್ನು ನೀಡುವುದಿಲ್ಲ. ಕ್ರಮವು ಸ್ಥೂಲವಾಗಿ ಹೀಗಿದೆ:

ಅ) ಮಂತ್ರಾಲಯದ "ಬ್ರಾಡ್‌ಕಾಸ್ಟ್ ಸೇವಾ" ಅಂತರ್ಜಾಲ ತಾಣದಲ್ಲಿ ನೋಂದಣಿ ಪತ್ರ, ನಿಯಮಾವಳಿ, ಲೆಕ್ಕಪತ್ರ ಮುಂತಾದ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸುವುದು.
ಆ) ಪರಿಶೀಲನೆ ಹಾಗೂ ಸಂಬಂಧಿಸಿದ ಮಂತ್ರಾಲಯಗಳ ತೀರುವಳಿಯ ನಂತರ ಆಶಯ ಪತ್ರ ಪಡೆಯುವುದು. 2024ರ ಮಾರ್ಗಸೂಚಿಯಂತೆ ಇದು 1 ವರ್ಷ ಮಾನ್ಯವಾಗಿರುತ್ತದೆ. ಅನಿರೀಕ್ಷಿತ ಅಡಚಣೆಗಳಿಗಾಗಿ 3 ತಿಂಗಳ ಹೆಚ್ಚುವರಿ ಕಾಲಾವಕಾಶವಿದೆ.
ಇ) ತರಂಗಾಂತರ ಮತ್ತು ಗೋಪುರದ ಸ್ಥಳಕ್ಕೆ ದೂರಸಂಪರ್ಕ ಇಲಾಖೆಯ ತೀರುವಳಿ ಪಡೆಯುವುದು.
ಈ) ಅನುಮತಿ ಒಪ್ಪಂದಕ್ಕೆ ಸಹಿ ಮಾಡಿ, ನಿಸ್ತಂತು ಪರವಾನಗಿ ಪಡೆದ ನಂತರವೇ ಪ್ರಸಾರ ಆರಂಭಿಸುವುದು. ಆರಂಭಿಕ ಅನುಮತಿಯ ಅವಧಿ 10 ವರ್ಷ.

ಅನುಮತಿಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಕಾರ್ಯಕ್ರಮ ಸಲಹಾ ಸಮಿತಿಯನ್ನು ರಚಿಸಿ, ಅದರ ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರುವಂತೆ ನೋಡಿಕೊಳ್ಳಬೇಕು. ಪ್ರಸಾರವಾದ ಕಾರ್ಯಕ್ರಮಗಳ ಧ್ವನಿಮುದ್ರಣವನ್ನು 3 ತಿಂಗಳು ಕಾಯ್ದಿರಿಸಬೇಕು.

7. ಆದಾಯ ಮತ್ತು ವೆಚ್ಚ

ಗಂಟೆಗೆ ಗರಿಷ್ಠ 12 ನಿಮಿಷ ಜಾಹೀರಾತು ಪ್ರಸಾರ ಮಾಡಬಹುದು. 2024ರಲ್ಲಿ ಜಾಹೀರಾತು ದರವನ್ನು 10 ಸೆಕೆಂಡಿಗೆ ರೂ. 52ರಿಂದ ರೂ. 74ಕ್ಕೆ ಹೆಚ್ಚಿಸಲಾಯಿತು. ಈ ದರದಲ್ಲಿ 12 ನಿಮಿಷವೂ ಪೂರ್ಣವಾಗಿ ಭರ್ತಿಯಾದರೆ ಗಂಟೆಗೆ ರೂ. 5,328 ಆಗುತ್ತದೆ. ಇದು ಗರಿಷ್ಠ ಲೆಕ್ಕವೇ ಹೊರತು ಖಚಿತ ಆದಾಯವಲ್ಲ. ಜಾಹೀರಾತನ್ನೇ ನಂಬಿ ಆಯವ್ಯಯ ಸಿದ್ಧಪಡಿಸುವುದು ಉಚಿತವಲ್ಲ. ಸಿಬ್ಬಂದಿ ವೇತನ, ವಿದ್ಯುತ್ ಶುಲ್ಕ ಮತ್ತು ಉಪಕರಣಗಳ ದುರಸ್ತಿ ಪ್ರತಿ ತಿಂಗಳೂ ಬರುವ ವೆಚ್ಚಗಳಾದುದರಿಂದ ಕನಿಷ್ಠ ಮೊದಲ ವರ್ಷದ ವೆಚ್ಚಕ್ಕೆ ಸಂಸ್ಥೆಯು ತನ್ನ ಸ್ವಂತ ಮೂಲದಿಂದ ವ್ಯವಸ್ಥೆ ಮಾಡಿಕೊಂಡಿರುವುದು ಹಿತಕರ. ಕೇಂದ್ರದ ಆದಾಯವನ್ನು ಮೊದಲಿಗೆ ಕೇಂದ್ರದ ನಿರ್ವಹಣೆಗೇ ಬಳಸಬೇಕು. ಅದಕ್ಕಾಗಿ ಪ್ರತ್ಯೇಕ ಲೆಕ್ಕಪುಸ್ತಕ ಇಡುವುದು ಅನುಕೂಲಕರ.

8. ಸಾರ್ವಜನಿಕರ ಗಮನಕ್ಕೆ

ಅನುಮತಿ ಕೊಡಿಸುವುದಾಗಿ ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು. ಅರ್ಜಿ ಸಲ್ಲಿಸುವ ಮುನ್ನ ಮಂತ್ರಾಲಯದ ತಾಣದಲ್ಲಿ ಚಾಲ್ತಿಯಲ್ಲಿರುವ ಮಾರ್ಗಸೂಚಿ, ಶುಲ್ಕ ಹಾಗೂ ಉಪಕರಣ ಖರೀದಿಗೆ ದೊರೆಯುವ ನೆರವಿನ ವಿವರಗಳನ್ನು ಪರಿಶೀಲಿಸತಕ್ಕದ್ದು. ಕಾಲೇಜಿನಲ್ಲಿ ಕೇಂದ್ರವಿಲ್ಲದಿದ್ದರೂ ವಿದ್ಯಾರ್ಥಿಗಳು ಮತ್ತು ಗ್ರಾಮಸ್ಥರು ಈಗಿನಿಂದಲೇ ಧ್ವನಿಮುದ್ರಣ ಹಾಗೂ ಕಾರ್ಯಕ್ರಮ ರಚನೆಯ ಅಭ್ಯಾಸ ಕೈಗೊಳ್ಳಬಹುದು. ಅದಕ್ಕೆ ಯಾವುದೇ ಪರವಾನಗಿಯ ಅಗತ್ಯವಿಲ್ಲ. ಪರವಾನಗಿಯಿಲ್ಲದೆ ಪ್ರಸಾರ ಮಾಡುವುದು ಮಾತ್ರ ಶಿಕ್ಷಾರ್ಹ ಅಪರಾಧವಾಗಿರುತ್ತದೆ.